ಚಹಾಕ್ಕೆ ಬಿದ್ದ ಕ್ಷಮಾಪಣೆ

ನನ್ನ ಕ್ಷಮಾಪಣೆಯನ್ನು ನಮ್ಮ ಮನೆಯವರು ಚಹಾಕ್ಕೆ ಹಾಕಿಕೊಂಡು ಕುಡಿದುಬಿಟ್ಟರು. ಒಂದು ಸಲವಲ್ಲ, ಐದು ಸಲ!

ಮೂರು ವರ್ಷದ ಹಿಂದೆ, ನೆಂಟರ ಮದುವೆಯೊಂದರಲ್ಲಿ ನನ್ನ ಅಣ್ಣ ಬೂಷ್ತಾ ಎದ್ದು ನಿಂತು, ಎರಡೂ ಕೈಯೆತ್ತಿ ವಧೂವರರನ್ನು ಹರಸಿದ. ಹಾರೈಕೆಯ ನಡುವೆ ಒಂದು ವಿಭಕ್ತಿ ತಪ್ಪಿತು. (ನಾನು ಮೂವತ್ತೆರಡು ವರ್ಷ ಸೆಫ್ರೂ ಪಟ್ಟಣದ ಶಾಲೆಯಲ್ಲಿ ವ್ಯಾಕರಣ ಕಲಿಸಿದವನು. ವಿಭಕ್ತಿ ತಪ್ಪಿದರೆ ನನಗೆ ಅನ್ನದಲ್ಲಿ ಕಲ್ಲು ಕಡಿದಂತಾಗುತ್ತದೆ.) ಇನ್ನೂರು ಜನರ ಎದುರಿಗೆ ತಿದ್ದಿದೆ. ಅಣ್ಣ ಗಾರೆ ಮೇಸ್ತ್ರಿ; ಅರ್ಧ ಹಾರೈಕೆಯನ್ನು ಗಾಳಿಯಲ್ಲೇ ಬಿಟ್ಟು ಕೂತ. ಅಂದಿನಿಂದ ನನ್ನೊಡನೆ ಮಾತಿಲ್ಲ.

ಈಗ ನನ್ನ ಮಗಳ ಮದುವೆ ಗೊತ್ತಾಗಿದೆ. "ದೊಡ್ಡಪ್ಪ ಬಂದು ತಲೆ ಮೇಲೆ ಕೈ ಇಡೋವರೆಗೂ ನಾನು ಹಸೆಗೆ ಕೂರಲ್ಲ" ಎಂದು ವಿಯಾಮ್ ಹೇಳಿಬಿಟ್ಟಳು. ಹುಡುಗಿ ಹಟದಲ್ಲಿ ಅವಳ ದೊಡ್ಡಪ್ಪನೇ.

ಮನಸ್ತಾಪ ಕಳೆಯಲು ನಮ್ಮಲ್ಲಿ ಇರುವುದು ಒಂದೇ ಹಾದಿ. ನೀಲಿ ಕಾಗದ ಸುತ್ತಿದ, ಪುಟ್ಟ ಗೋಪುರದಂಥ ಸಕ್ಕರೆಯ ಗಟ್ಟಿಯನ್ನು ಹಿಡಿದು ನೊಂದವರ ಬಾಗಿಲಿಗೆ ಹೋಗಬೇಕು. ಅವರು ಅದನ್ನು ಸುತ್ತಿಗೆಯಲ್ಲಿ ಒಡೆದು ಚಹಾಕ್ಕೆ ಹಾಕಿದರೆ ಕ್ಷಮಿಸಿದರು ಎಂದರ್ಥ. ಅಣ್ಣನ ಮನೆ ಇರುವುದು ಫೆಸ್‌ನಲ್ಲಿ, ಮೂವತ್ತು ಕಿಲೋಮೀಟರ್.

ಅಂದೇ ಗೋಪುರ ತಂದು ಕಪಾಟಿನ ಮೇಲೆ ಪ್ರತಿಷ್ಠಾಪಿಸಿದೆ.

"ಯಾವಾಗ ಹೊರಡ್ತೀರಾ?" ಎಂದಳು ಹೆಂಡತಿ ಬತೂಲ್.

"ದಬಾ" ಎಂದೆ.

ದಬಾ ಎಂದರೆ ನಮ್ಮ ಮಾತಿನಲ್ಲಿ 'ಈಗ'. ವ್ಯಾಕರಣದ ಪ್ರಕಾರ ಅದು ವರ್ತಮಾನ. ಆಡುವವನ ಮನಸ್ಸಿನಲ್ಲಿ ಅದು ವರ್ತಮಾನದ ವೇಷ ತೊಟ್ಟ ಭವಿಷ್ಯತ್ತು.

ಮೊದಲ ವಾರ ವಿಪರೀತ ಸೆಕೆ. ಎರಡನೆಯ ವಾರ ಮಂಡಿನೋವು. ಮೂರನೆಯ ವಾರ ಗಡ್ಡದ ಸಮಸ್ಯೆ. (ಗಡ್ಡ ಬಿಟ್ಟುಕೊಂಡು ಹೋದರೆ ಉಡಾಫೆ ಎನ್ನುತ್ತಾರೆ, ನುಣ್ಣಗೆ ಬೋಳಿಸಿಕೊಂಡು ಹೋದರೆ, ತಪ್ಪು ಮಾಡಿದವನು ಮದುಮಗನ ಹಾಗೆ ಬಂದ ಎನ್ನುತ್ತಾರೆ. ಮಧ್ಯಮ ಗಡ್ಡ ಬೆಳೆಯಲು ಕಾಲಾವಕಾಶ ಬೇಕು.) ಅಷ್ಟರಲ್ಲಿ ಮದುವೆ ಮಾತಿಗೆಂದು ನೆಂಟರು ಬರುವರು, ಡಬ್ಬಿಯ ಸಕ್ಕರೆ ಮುಗಿಯುವುದು, ಗೋಪುರ ಧರೆಗಿಳಿಯುವುದು. ನಾನು ಮತ್ತೊಂದು ತರುವೆ. ತಂದ ದಿನ ಎಂಥ ಸಮಾಧಾನ! ಅರ್ಧ ಕ್ಷಮೆ ಕೇಳಿಯೇ ಬಿಟ್ಟಷ್ಟು. ಉಳಿದರ್ಧಕ್ಕೆ ಏನವಸರ?

ಹೀಗೆ ಮದುವೆಗೆ ಹನ್ನೆರಡು ದಿನ ಉಳಿದವು.

ಬತೂಲಳ ಬಗ್ಗೆ ಹೇಳಬೇಕು. ಅವಳು ಕಫ್ತಾನ್ ಎಂಬ ನಿಲುವಂಗಿಗೆ ರೇಷ್ಮೆ ಗುಂಡಿ ಕಟ್ಟುವವಳು. ಸೂಜಿಯ ತುದಿಯಲ್ಲಿ ದಾರ ಸುತ್ತಿ ಸುತ್ತಿ, ಮೆಣಸಿನ ಕಾಳಿನಷ್ಟು ಗುಂಡಿಯನ್ನು ದಾಳಿಂಬೆಯ ಮೊಗ್ಗಿನ ಹಾಗೆ ಅರಳಿಸುತ್ತಾಳೆ. ಒಂದು ಉಡುಪಿಗೆ ನೂರು ಗುಂಡಿ ಬೇಕು. ಮಗಳ ಕಫ್ತಾನಿನದು ನೂರ ಹತ್ತು. ಮುಗಿಸಿ ಮಡಿಚಿಟ್ಟು ತಿಂಗಳಾಯಿತು. ನಾನು ಅವಳನ್ನು ಮನಸ್ಸಿನಲ್ಲಿ ಮೆಚ್ಚುತ್ತೇನೆ. ಬಾಯಿಬಿಟ್ಟು ಹೇಳಬೇಕೆಂದಿದ್ದೇನೆ, ದಬಾ.

ಅಂದು ಬೆಳಿಗ್ಗೆ ಅವಳು ಸೂಜಿ ಕೆಳಗಿಟ್ಟಳು.

"ಮೇಷ್ಟ್ರೇ, ನೀವು ಸೋಮಾರಿ ಅಂತ ಊರೆಲ್ಲ ಅನ್ನುತ್ತೆ. ನಾನು ಒಪ್ಪಲ್ಲ."

"ನೀನೊಬ್ಬಳಾದರೂ ಅರ್ಥ ಮಾಡಿಕೊಂಡೆಯಲ್ಲ!"

"ನೀವು ಪುಕ್ಕಲು. ಭಾವ ಬಾಗಿಲು ತೆಗೀದಿದ್ರೆ ಅಂತ ಹೆದರಿಕೆ. ಹೋಗೋವರೆಗೂ ಆ ಬಾಗಿಲು ಮುಚ್ಚಿದೆ ಅಂತ ಯಾರೂ ಹೇಳಕ್ಕಾಗಲ್ಲ ನೋಡಿ, ಅದಕ್ಕೇ ಹೋಗ್ತಾ ಇಲ್ಲ."

ಮೂವತ್ತೆರಡು ವರ್ಷ ವಾಕ್ಯಗಳನ್ನು ಬಿಡಿಸಿದವನು ನಾನು. ನನ್ನನ್ನು ಯಾರೂ ಹೀಗೆ ಬಿಡಿಸಿಟ್ಟಿರಲಿಲ್ಲ.

"ನೀನು ನೂರು ಗುಂಡಿ ಹೇಗೆ ಕಟ್ತೀಯೇ?" ಎಂದೆ ಮೆತ್ತಗೆ.

"ನೂರು ಯಾರು ಕಟ್ಟಿದ್ರು? ನೂರು ಅಂದ್ಕೊಂಡ್ರೆ ನಾನೂ ಚಾಪೆ ಹಾಸ್ಕೊಂಡು ಮಲಗ್ತೀನಿ. ನಾನು ಕಟ್ಟೋದು ಒಂದು. ಅದು ಮುಗಿದ್ಮೇಲೆ ಕೈ ತಾನೇ ಇನ್ನೊಂದಕ್ಕೆ ಹೋಗುತ್ತೆ. ನೀವು ಕ್ಷಮೆಗಿಮೆ ಏನೂ ಕೇಳ್ಬೇಡಿ. ಬೀದಿ ಮೂಲೆವರೆಗೂ ಹೋಗಿ. ಸಾಕು ಅನ್ಸಿದ್ರೆ ವಾಪಸ್ ಬನ್ನಿ."

ಬುಟ್ಟಿಯಲ್ಲಿ ಆಲಿವ್ ಕಾಯಿಯ ಜಾಡಿ, ಪಕ್ಕದಲ್ಲಿ ನೀಲಿ ಗೋಪುರ. "ಅದನ್ನ ದಾರೀಲಿ ಮುಟ್ಬೇಡಿ, ತುದಿ ಮುರಿಯುತ್ತೆ" ಎಂದು ಕೈಗಿತ್ತಳು.

ಮೂಲೆಗೆ ಹೋದೆ. ಇಷ್ಟು ಬಂದವನು ಟ್ಯಾಕ್ಸಿ ನಿಲ್ದಾಣವನ್ನಾದರೂ ನೋಡಿ ಬರೋಣವೆನಿಸಿತು. ನಮ್ಮ ಟ್ಯಾಕ್ಸಿಗಳು ಆರು ಜನ ತುಂಬದೆ ಹೊರಡುವುದಿಲ್ಲ. ಒಂದೆರಡು ಗಂಟೆಯ ವಿಳಂಬವನ್ನು ನಂಬಿಕೊಂಡೇ ಹೋಗಿದ್ದೆ. ಐದು ಜನ ಆಗಲೇ ಕೂತಿದ್ದರು.

"ಬನ್ನಿ ಮೇಷ್ಟ್ರೇ, ಬನ್ನಿ! ನಿಮ್ಮೊಬ್ರಿಗೇ ಕಾಯ್ತಿದ್ವಿ!" ಎಂದು ಹತ್ತು ಕೈಗಳು ನನ್ನನ್ನು ಒಳಗೆಳೆದುಕೊಂಡವು.

ಅಣ್ಣನ ಬಾಗಿಲ ಮುಂದೆ ನಿಂತಾಗ ನನ್ನ ಮಂಡಿ ನಿಜವಾಗಿಯೂ ನೋಯುತ್ತಿತ್ತು. ತಟ್ಟಿದೆ. ಬಾಗಿಲು ತೆರೆಯಿತು. ಅಣ್ಣನ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಅದು ನನಗೆ ಗೊತ್ತೇ ಇರಲಿಲ್ಲ.

"ಏನು ತಂದಿದ್ದೀಯ? ವ್ಯಾಕರಣವೋ?"

"ತಪ್ಪಾಯ್ತು ಅಣ್ಣ" ಎಂದೆ. ಇಷ್ಟು ಚಿಕ್ಕ ವಾಕ್ಯವನ್ನು ಮೂರು ವರ್ಷ ಹೊತ್ತು ತಿರುಗಿದ್ದೆ!

ಬುಟ್ಟಿಯಿಂದ ಗೋಪುರವನ್ನು ಎತ್ತಿದೆ. ಎಷ್ಟು ಹಗುರ! ಕ್ಷಮೆ ಕೇಳಿದವನ ಕೈಗೆ ಭಾರವೇ ತಿಳಿಯುವುದಿಲ್ಲವೆಂದು ಕಣ್ಣು ತುಂಬಿ ಬಂತು.

ಅಣ್ಣ ಬಾಗಿಲಿನಿಂದ ಪಕ್ಕಕ್ಕೆ ಸರಿದ. ಒಳಗೆ ಕರೆದ. ಅತ್ತಿಗೆ ಹದ್ದಾ ತಟ್ಟೆ ತಂದಳು, ಸುತ್ತಿಗೆ ತಂದಳು. ಅಣ್ಣ ಕಾಗದದ ಮೇಲಿಂದಲೇ ಒಂದು ಏಟು ಹಾಕಿದ.

ಸದ್ದಿಲ್ಲ. ಸುತ್ತಿಗೆ ಮೆತ್ತೆಯಲ್ಲಿ ಹೂತಂತೆ ಹೂತುಕೊಂಡಿತು. ಕಾಗದ ಬಿರಿದು ತಟ್ಟೆಯ ತುಂಬ ರೇಷ್ಮೆ ಚೂರುಗಳು ಚೆಲ್ಲಿದವು: ಕೆಂಪು, ಹಸಿರು, ಕೇಸರಿ. ಬತೂಲ್ ಗುಂಡಿ ಕಟ್ಟಿ ಕತ್ತರಿಸಿದ ದಾರದ ತುಂಡುಗಳು.

ಸಕ್ಕರೆಯ ಬದಲು ಚಿಂದಿ! ಇದಕ್ಕಿಂತ ದೊಡ್ಡ ಅವಮಾನ ನಮ್ಮ ಕಡೆ ಇಲ್ಲ. ಮಗಳ ಮದುವೆ ಕಣ್ಣೆದುರೇ ಮುರಿದು ಬಿದ್ದಂತೆ ಕಂಡಿತು. ಅಣ್ಣ ಒಂದು ಎಳೆಯನ್ನು ಎತ್ತಿ ಹಿಡಿದ.

"ಇದು ಯಾವ ವಿಭಕ್ತಿ ಕಣೋ?"

ಅಣ್ಣ ಫೋನ್ ತೆಗೆದು ಬತೂಲಳಿಗೇ ಮಾಡಿದ. ಅವಳ ದನಿ ಹಜಾರದ ತುಂಬ ಕೇಳಿಸಿತು:

"ನಿನ್ನೆ ನೆಂಟರು ಬಂದು ಸಕ್ಕರೆ ಮುಗೀತು ಭಾವ. ಇನ್ನೊಂದು ತನ್ನಿ ಅಂದಿದ್ರೆ ನಿಮ್ಮ ತಮ್ಮ ಮೊಮ್ಮಕ್ಕಳ ಮದುವೆಗೆ ಕರೆಯಕ್ಕೆ ಬರ್ತಿದ್ರು. ಮೊದ್ಲು ಮನುಷ್ಯ ಹೋಗ್ಲಿ ಅಂತ ಕಳಿಸ್ದೆ. ತಪ್ಪು ನಂದು, ಅವರಿಗೆ ಗೊತ್ತಿಲ್ಲ."

ಅಣ್ಣನ ಹೊಟ್ಟೆ ಕುಲುಕಿತು, ಭುಜ ಕುಲುಕಿತು, ಆಮೇಲೆ ನಗು ಸಿಡಿಯಿತು. ನಗುತ್ತಾ ನಗುತ್ತಾ ನನ್ನ ಕತ್ತಿಗೆ ಕೈ ಹಾಕಿ ಎಳೆದುಕೊಂಡ. ಅತ್ತಿಗೆ ತನ್ನ ಮನೆಯ ಸಕ್ಕರೆಯನ್ನೇ ಚಹಾಕ್ಕೆ ಹಾಕಿ, ತಲೆವಸ್ತ್ರದ ತುದಿಯಲ್ಲಿ ಕಣ್ಣೊರೆಸಿಕೊಂಡಳು.

"ಮದುವೆಗೆ ಎಷ್ಟು ದಿನ ಇದೆ?" ಎಂದ ಅಣ್ಣ.

"ಹನ್ನೆರಡು."

"ಗೋಡೆಗೆ ಸುಣ್ಣ ಆಯ್ತಾ? ಮಾಳಿಗೆ ಬಿರುಕು?"

ನಾನು ಚಹಾ ಹೀರಿದೆ. ಅಣ್ಣ ಎದ್ದು ಹೋಗಿ ಎರಡು ಬಕೆಟ್, ನಾಲ್ಕು ಕುಂಚ, ಒಂದು ಕರಣೆ ತಂದು ನನ್ನ ಮುಂದಿಟ್ಟ. "ನಡಿ."

ಇದಾಗಿ ಇಂದಿಗೆ ಐದು ದಿನ. ನಸುಕಿನ ಫಜ್ರ್ ನಮಾಜು ಮುಗಿಯುತ್ತಲೇ ನನ್ನನ್ನು ಏಣಿ ಹತ್ತಿಸುತ್ತಾನೆ. ಮೂರು ಕೋಣೆ ಮುಗಿದಿವೆ. ಮದುವೆಯಾದ ಮೇಲೂ ಮಾಳಿಗೆಯ ಗಾರೆ ಮುಗಿಯುವವರೆಗೆ ಇರುತ್ತಾನಂತೆ. ವಿಯಾಮ್ ದೊಡ್ಡಪ್ಪನ ಹಿಂದೆ ಹಾಡಿಕೊಂಡು ಓಡಾಡುತ್ತಿದ್ದಾಳೆ.

ಈಗಷ್ಟೇ ಬತೂಲ್ ನನ್ನ ಅಂಗೈಯ ಬೊಬ್ಬೆಗೆ ಎಣ್ಣೆ ಹಚ್ಚುತ್ತಿದ್ದಳು. "ಅಣ್ಣ ತಮ್ಮಂದಿರನ್ನ ಒಂದು ಮಾಡಿದೆಯಲ್ಲೇ, ಎಂಥ ದೊಡ್ಡ ಮನಸ್ಸು ನಿಂದು" ಎಂದು ಕೊನೆಗೂ ಬಾಯಿಬಿಟ್ಟು ಹೇಳಿದೆ.

ಅವಳು ನಾಚಿಕೊಂಡಳು. "ಅದೂ ನಿಜ ಅನ್ನಿ. ಆದ್ರೆ ಆ ಮಾಳಿಗೆ ಕೂಡ ಮೂರು ವರ್ಷದಿಂದ ಸೋರ್ತಿತ್ತಲ್ಲ ಮೇಷ್ಟ್ರೇ!"

"ಲೋ ತುಹಾಮಿ!" ಅಂಗಳದಿಂದ ಅಣ್ಣನ ಕೂಗು. "ಸುಣ್ಣ ಒಣಗ್ತಿದೆ ಕಣೋ!"

ಎಣ್ಣೆಗೈಯಲ್ಲೇ ಓಡಿದೆ.