ಭಾವನವರ ಮರಿಮೀನುಗಳು

ಮೀನಿನ ಬುಟ್ಟಿ ಎದುರಿಗೆ ಬಂದರೆ ಮನೆಗೆ ಮರಳಿ ಎರಡನೆಯ ಸಲ ಸ್ನಾನ ಮಾಡುವ ಮನುಷ್ಯ ಮೀನಿನ ಚಿಂತೆಯಲ್ಲಿ ಊಟ ಬಿಟ್ಟದ್ದನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನನ್ನ ಗಂಡನ ಅಣ್ಣ, ಉಪ್ಪಿನಬೆಟಗೇರಿಯ ನಮ್ಮ ಮನೆಯ ಯಜಮಾನರು.

ನಮ್ಮೂರಿಗೆ ಮೋಟಾರು ವಾರಕ್ಕೊಮ್ಮೆ ಬರುತ್ತಿದ್ದ ಕಾಲ. ನಮ್ಮ ಹೊಲದ ಅಂಚಿಗೆ ಸಣ್ಣದೊಂದು ಕೆರೆ ಇತ್ತು. ಭಾವನವರು ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ತಾವು ಬಾಯಿಗೆ ಏನೂ ಹಾಕಿಕೊಳ್ಳುವ ಮೊದಲು, ಒಂದು ಸೇರು ಚುರುಮುರಿ ಹಿಡಿದು ಅಲ್ಲಿಗೆ ನಡೆಯುತ್ತಿದ್ದರು. ಮನೆಯ ಮಕ್ಕಳು ಕೈಯೊಡ್ಡಿದರೆ ಅದು 'ಮರಿಗಳದು' ಎಂದು ಗದರಿಕೆ. ಮರಿಗಳೆಂದರೆ ಬೆರಳುದ್ದದ ಮೀನುಗಳು. ಅವು ದೊಡ್ಡವಾಗುವತನಕ ಯಾರೂ ಗಾಳ ಹಾಕಕೂಡದೆಂದು ಕಟ್ಟಪ್ಪಣೆ. ಅಪ್ಪಣೆಗೆ ಏಳು ವರ್ಷ ತುಂಬಿತ್ತು. ಮರಿಗಳು ಇನ್ನೂ ಬೆರಳುದ್ದವೇ ಇದ್ದವು!

ಆ ಅಪ್ಪಣೆಯಿಂದ ನೊಂದವರು ಹುಸೇನ ಕಾಕಾ. ನಮ್ಮ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವವರು, ಭಾವನವರ ಜೊತೆಯಲ್ಲೇ ಆಡಿ ಬೆಳೆದವರು. ಮೊದಲೆಲ್ಲ ಶುಕ್ರವಾರ ಅದೇ ಕೆರೆಯ ಏರಿಯ ಮೇಲೆ ಗಾಳ ಹಿಡಿದು ಕೂರುತ್ತಿದ್ದರು. ಅಪ್ಪಣೆಯಾದ ಮೇಲೆ ಕಲಾಯಿಗೆ ಬರುತ್ತಿದ್ದರು, ಕೆಲಸ ಮುಗಿಸಿ ಚಹಾ ಮುಟ್ಟದೆ ಹೋಗುತ್ತಿದ್ದರು. ಇಬ್ಬರಿಗೂ ಮಾತಿಲ್ಲ.

ಆ ಬೇಸಿಗೆಯಲ್ಲಿ ಕೆರೆ ಸೊಂಟದ ಮಟ್ಟಕ್ಕೆ ಇಳಿಯಿತು. ಒಂದು ಬೆಳಿಗ್ಗೆ ಭಾವನವರು ಚುರುಮುರಿಯನ್ನು ಒಯ್ದಂತೆಯೇ ಮರಳಿ ತಂದರು. ಮೀನುಗಳೆಲ್ಲ ನೀರಿನ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆಯಂತೆ. ದಂಡೆಗುಂಟ ಸತ್ತವು ತೇಲುತ್ತಿವೆಯಂತೆ. ರೊಟ್ಟಿ ಬಡಿಸಿದೆ. ಮುಟ್ಟಲಿಲ್ಲ. ಮರುದಿನ ಸತ್ತವು ಇಮ್ಮಡಿಯಾದವು. ನಾನು ತಡೆಯಲಾರದೆ, ಕೊಡಗಳ ಕಲಾಯಿ ಹೋಗಿದೆಯೆಂದು ಕಾಕಾನಿಗೆ ಹೇಳಿಕಳಿಸಿದೆ. ಕಾಕಾ ಬಂದು ಕೊಡದೊಳಗೆ ಇಣುಕಿದರು. ಅವರೇ ಹೋದ ತಿಂಗಳು ಹಾಕಿದ ಕಲಾಯಿ, ಫಳಫಳ ಹೊಳೆಯುತ್ತಿತ್ತು! ನನ್ನ ಮುಖ ನೋಡಿದರು, ನೆಪ ತಿಳಿದು ಕೆರೆಯ ದಾರಿ ಹಿಡಿದರು.

ದಂಡೆಯಲ್ಲಿ ಒಂದು ಮೀನನ್ನು ಅಂಗೈಯಲ್ಲಿಟ್ಟು ಭಾವನವರಿಗೆ ತೋರಿಸಿದರು.

"ತಲಿ ನೋಡ್ರಿ ಗೌಡ್ರ, ಕಣ್ಣ ನೋಡ್ರಿ. ತಲಿ ದೊಡ್ಡದು, ಮೈ ಒಣಗೇತಿ. ಇವು ಮರಿ ಅಲ್ಲ. ನಮ್ಮಂಗ ಮುದುಕರು."

"ದಿನಾ ಚುರುಮುರಿ ಹಾಕೇನಲ್ಲೋ."

"ನೀವು ಹಾಕಿದ್ರಿ, ಅವು ಸಂಸಾರ ಬೆಳಿಸಿದ್ವು. ಹತ್ತು ಮಂದಿ ಉಣ್ಣೂ ಪಂಕ್ತ್ಯಾಗ ನೂರು ಮಂದಿ ಕುಂತಾರ. ಇಷ್ಟ ನೀರಾಗ ಅಷ್ಟಕ್ಕೂ ಉಸಿರು ಸಾಲಂಗಿಲ್ಲ, ಮುಕ್ಕಾಲು ಮಂದಿ ಏಳಬೇಕ್ರಿ. ಇಲ್ಲಂದ್ರ ನಾಡದಿಗೆ ಒಂದೂ ಉಳಿಯಂಗಿಲ್ಲ."

ಏಳುವುದೆಂದರೆ ಬಲೆಗೆ ಬೀಳುವುದು. ಭಾವನವರು ಒಪ್ಪಿಯಾರೇ? ನನ್ನ ನಾಲ್ಕೂ ಕೊಡಗಳಲ್ಲಿ ಮೀನು ತುಂಬಿಸಿ, ಚಕ್ಕಡಿ ಕಟ್ಟಿಸಿ ಅಮ್ಮಿನಬಾವಿಯ ಕೆರೆಗೆ ಹೊರಟೇಬಿಟ್ಟರು, ಹೆಣ್ಣು ಕಳಿಸುವವರ ಹಾಗೆ! ಮಧ್ಯಾಹ್ನ ಮರಳಿದರು. ಅಲ್ಲಿ ಮುಟ್ಟುವಷ್ಟರಲ್ಲಿ ಎಲ್ಲವೂ ಹೊಟ್ಟೆ ಮೇಲಾಗಿದ್ದವಂತೆ. ಹುಣಸೆಹಣ್ಣು ಹಾಕಿ ಮೂರು ಸಲ ತಿಕ್ಕಿದರೂ ಕೊಡದ ವಾಸನೆ ಹೋಗಲಿಲ್ಲ. ಬೈಯಬೇಕೆಂದಿದ್ದೆ, ಅವರ ಮುಖ ನೋಡಿ ಮತ್ತೊಮ್ಮೆ ತಿಕ್ಕಲು ಕುಳಿತೆ.

ಹೊತ್ತು ಇಳಿಯುವಾಗ ಕಾಕಾ ಬಲೆಯನ್ನು ಹೆಗಲಿಗೆ ಹಾಕಿ ಏರಿಯ ಮೇಲೆ ನಿಂತಿದ್ದರು. ಎಸೆಯಲಿಲ್ಲ. ಕೆರೆ ನಮ್ಮದು, ಮಾತು ಭಾವನವರಿಂದ ಬರಬೇಕು. ನೀರಿನ ತುಂಬ ಬಾಯಿಗಳೇ ಬಾಯಿಗಳು. ಭಾವನವರು ದಂಡೆಗೆ ಬಂದು ನೋಡಿದರು. ಕೊನೆಗೆ ಭಾವನವರು ನೀರಿಗೆ ಬೆನ್ನು ಹಾಕಿ ಕುಳಿತರು.

"ಒಗಿ, ಹುಸೇನ."

ಬಲೆ ನೀರಿಗೆ ಬಿದ್ದಾಗೊಮ್ಮೆ ಅವರ ಭುಜ ಬೆಚ್ಚುತ್ತಿತ್ತು. ಕಾಕಾನ ಓಣಿಯಲ್ಲಿ ಮೂರು ದಿನ ಮೀನಿನ ಸಾರು. ಉಳಿದ ಮೀನುಗಳು ಮಳೆ ಬರುವತನಕ ಜೀವ ಹಿಡಿದವು. ಚುರುಮುರಿ ಮಕ್ಕಳ ಪಾಲಾಯಿತು. ಕಾಕಾ ಮಾತ್ರ ಆಗಲೂ ಚಹಾಕ್ಕೆ ನಿಲ್ಲಲಿಲ್ಲ.

ಮರುವರ್ಷ ದೀಪಾವಳಿಯ ಮುಂದೆ ಭಾವನವರು ಜ್ವರದಿಂದ ಮಲಗಿದ್ದರು. ಕಾಕಾ ಒಂದು ಕೊಡ ಹೊತ್ತು ಬಂದು ಹಾಸಿಗೆಯ ಪಕ್ಕಕ್ಕಿಟ್ಟರು. ಒಳಗೆ ನಮ್ಮ ಕೆರೆಯದೇ ಮೊಳದುದ್ದದ ಮೀನು, ಜೀವಂತ! ಎಂದೂ ಮೀನು ಮುಟ್ಟದ ಭಾವನವರು ನೀರಿಗೆ ಎರಡು ಬೆರಳು ಇಳಿಸಿದರು. ಬಹಳ ಹೊತ್ತು ತೆಗೆಯಲಿಲ್ಲ.

"ಮನಿಗಿ ಒಯ್ಯೋ. ಮಕ್ಳು ತಿಂತಾವ."

"ತಿನ್ನಾಕ ಬ್ಯಾರೇ ಅದಾವ್ರಿ. ಇದು ನಿಮ್ಮದು," ಎಂದು ಕಾಕಾ ಕೊಡ ಎತ್ತಿದರು. ಕೆರೆಗೇ ಮರಳಿ ಬಿಡಲು ಹೊರಟಿದ್ದರು.

"ಬಿಟ್ಟು ಲಗೂ ಬಾ," ಎಂದರು ಭಾವನವರು. "ಚಹಾ ಆರತೈತಿ."

ನಾನಿನ್ನೂ ಒಲೆಯ ಮೇಲೆ ನೀರನ್ನೇ ಇಟ್ಟಿರಲಿಲ್ಲ. ಓಡಿದೆ. ಕಾಕಾ ಬರುವತನಕ ಭಾವನವರು ತಮ್ಮ ಕಪ್ಪಿನ ಮೇಲೆ ಬಸಿ ಮುಚ್ಚಿ ಹಿಡಿದುಕೊಂಡೇ ಕುಳಿತಿದ್ದರು.