ಬಾಜೂಮನಿಯ ಹೆಪ್ಪು

ಬಾಜೂಮನಿಯವರ ಏಳಿಗೆಯನ್ನು ದಿನಾಲೂ ಕಣ್ಣಾರೆ ಕಾಣುವ ಯೋಗವನ್ನು ನಮ್ಮೂರ ದೇವರು ಬೀರಪ್ಪ ನನಗೆ ತಪ್ಪದೆ ಕೊಟ್ಟಿದ್ದಾನೆ. ಹುನಗುಂದದಲ್ಲಿ ನಮ್ಮ ಎರಡು ಮನೆಗಳ ನಡುವೆ ಒಂದೇ ಗೋಡೆ. ಅವರ ಮಗಳು ಯಾವುದೋ ದೊಡ್ಡ ಪ್ರಯೋಗಾಲಯ ಸೇರಿದಾಗಿನಿಂದ ಆ ಗೋಡೆ ನನಗೆ ಬಹಳ ಗಿಡ್ಡಾಗಿ ಕಾಣುತ್ತಿದೆ.

ಫೋಟೋ

ಒಂದು ಮುಂಜಾನೆ ಹಣೆಗೆ ಬೀರಪ್ಪನ ಭಂಡಾರದ ಅರಿಸಿನ ಹಚ್ಚಿಕೊಳ್ಳುತ್ತಿದ್ದೆ. ಬಾಜೂಮನಿ ಅಣ್ಣಾವರು ಮೊಬೈಲ್ ಹಿಡಿದು ಬಂದರು.

"ನೋಡ್ರಿ, ನನ್ನ ಮಗಳು ತಗದದ್ದು. ಬ್ಯಾಕ್ಟೀರಿಯಾದ ಒಳಗಿನ ಮಷಿನ್."

ನೋಡಿದೆ. ಬೂದು ಬಣ್ಣ, ಮೇಲೆ ಕಪ್ಪು ಚುಕ್ಕಿ. "ಜ್ವಾಳದ ಹಿಟ್ಟಿನ್ಯಾಗ ಹುಳ ಬಿದ್ದಂಗ ಐತಲ್ರಿ," ಎಂದೆ. ಹೊಟ್ಟೆಯುರಿ ತುಸು ತಣ್ಣಗಾಯಿತು.

"ಒಂದ ಫೋಟೋದಾಗ ತಿಳಿಯೂದಿಲ್ರಿ. ಇಂಥಾವು ಲಕ್ಷಗಟ್ಟಲೆ ತಗದು ಕಂಪ್ಯೂಟರಿನ್ಯಾಗ ಕೂಡಿಸಿದ್ರ ಖರೆ ಆಕಾರ ಕಾಣತೈತಿ."

ಒಳಗಿನಿಂದ ನನ್ನ ಹೆಂಡತಿ ಅಂದಳು: "ನಮ್ಮ ಮದುವಿಗೆ ತಗದದ್ದು ಒಂದ ಫೋಟೋ. ಅದರಾಗೂ ಇವರು ಕಣ್ಣು ಮುಚ್ಯಾರ. ಖರೆ ಆಕಾರ ನನಗ ಮದುವ್ಯಾದ ಮ್ಯಾಲ ತಿಳೀತು!"

ಥಂಡಿ

ಆ ಹುಡುಗಿ ರಜೆಗೆ ಬಂದಳು. ಸೋಲಬಾರದೆಂದು ನಾನೇ ಮಾತು ತೆಗೆದೆ. "ಫೋಟೋ ತಗಿಯೂ ಮುಂದ ಅವು ಸುಮ್ಮನ ಕುಂದರತಾವೇನವ್ವಾ?"

"ಕಣ್ಣು ಮಿಟುಕಿಸೂದ್ರಾಗ ಥಂಡಿ ಮಾಡಿಬಿಡ್ತೀವ್ರಿ ಕಾಕಾ. ನೀರಿಗೆ ಬರ್ಫಿನ ಹರಳಾಗಾಕೂ ಪುರುಸೊತ್ತು ಸಿಗಬಾರದು, ಅಷ್ಟು ಥಂಡಿ."

"ಅದೇನ್ ದೊಡ್ಡದು? ನಮ್ಮ ಮನ್ಯಾಗೂ ಫ್ರಿಜ್ ಐತಿ."

"ಐತವ್ವಾ," ಎಂದಳು ಹೆಂಡತಿ. "ಕೆಟ್ಟು ವರ್ಷಾತು. ಇವರ ಧೋತ್ರ ಮಡಚಿ ಅದರಾಗ ಇಟ್ಟೀನಿ."

ಹೆಪ್ಪು

ಅಮಾಸಿಗೆ ಬೀರಪ್ಪನ ಗುಡಿಯಲ್ಲಿ ಹಂಚುವ ಬುತ್ತಿಗೆ ಮೊಸರು ಹೋಗುವುದು ನಮ್ಮ ಮನೆಯಿಂದ. ಅಜ್ಜನ ಕಾಲದಿಂದ ಬಂದ ಮಾನ ಅದು. ಈ ಸಲ ಅಮಾಸಿ ಹತ್ತಿರ ಬಂದರೂ ಮೊಸರು ಗಟ್ಟಿಯಾಗಲೊಲ್ಲದು; ಬರೀ ನೀರು. ಪೂಜಾರಿ, "ಆಗಲಿಲ್ಲಂದ್ರ ಬಾಜೂಮನಿಯವರಿಗೆ ಹೇಳ್ತೀನಿ ಬಿಡ್ರಿ," ಎಂದ. ನಾನು ಅರ್ಧ ರೊಟ್ಟಿ ಬಿಟ್ಟು ಎದ್ದೆ.

ಹುಡುಗಿ ಬಂದು ಗಡಿಗೆ ನೋಡಿದಳು. "ಬ್ಯಾಕ್ಟೀರಿಯಾಕ್ಕೂ ವೈರಸ್ ಬಡಿತೈತ್ರಿ ಕಾಕಾ. ಫೇಜ್ ಅಂತೀವಿ. ಹೆಪ್ಪಿನಾಗಿನ ಬ್ಯಾಕ್ಟೀರಿಯಾ ಅದರಿಂದ ಸತ್ತಿರಬೇಕು. ಗಡಗಿ ಕುದಿಯೂ ನೀರಾಗ ತೊಳದು ಬ್ಯಾರೆ ಹೆಪ್ಪು ಹಾಕ್ರಿ."

ಬೇರೆ ಹೆಪ್ಪು ಎಲ್ಲಿಂದ? ನಾನು ಬೇಡ ಅನ್ನುವಷ್ಟರಲ್ಲಿ ಹೆಂಡತಿ ಬಟ್ಟಲು ಹಿಡಿದು ಗೋಡೆಯಾಚೆ ಹೋಗಿ ಬಂದೇಬಿಟ್ಟಳು.

ಅಮಾಸಿಯ ದಿನ ಮೊಸರು ಕೊಯ್ದು ಹಾಕುವಷ್ಟು ಗಟ್ಟಿ. ಮಾನ ಉಳಿಯಿತು. ಗುಡಿಯ ಮುಂದೆ ಬುತ್ತಿ ಉಣ್ಣುತ್ತ ಹುಡುಗಿ ತನ್ನ ಕೆಲಸ ಹೇಳತೊಡಗಿದಳು. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು.

"ಕೆಲವು ಬ್ಯಾಕ್ಟೀರಿಯಾದಾಗ ಒಂದು ಮಷಿನ್ ಇರತೈತ್ರಿ. ವೈರಸ್ ಒಳಗ ಹೊಕ್ಕಿತು ಅಂದ ಕೂಡಲೆ ಅದು ಚಾಲೂ ಆಗಿ, ಬ್ಯಾಕ್ಟೀರಿಯಾ ತಾನ ಸಾಯತೈತಿ. ವೈರಸ್ ಬೆಳಿಯೂದಿಲ್ಲ, ಬಾಜೂಕಿನವು ಉಳಿತಾವ. ಮೊಸರಿನ ಬ್ಯಾಕ್ಟೀರಿಯಾದಾಗೂ ಇಂಥಾದ್ದು ಇರತೈತಿ."

ನನಗೆ ತಡೆಯಲಾಗಲಿಲ್ಲ. ಅಣ್ಣಾವರಿಗೆ ಕೇಳುವಂತೆ ಅಂದೆ: "ನೋಡ್ರಿ, ಎಂಥಾ ಧರ್ಮಾತ್ಮ ಜೀವ ನಮ್ಮ ಮನಿ ಮೊಸರಿನ್ಯಾಗ ಅದಾವು!"

ಹೆಂಡತಿ ಬುತ್ತಿ ಬಡಿಸುತ್ತಲೇ ಅಂದಳು: "ಸುಮ್ಮನ ಉಣ್ರಿ. ಬಾಜೂದವರು ಬದುಕಲಿ ಅಂತ ಪ್ರಾಣ ಬಿಡತಾವಂದ್ರ, ಅವು ನಮ್ಮ ಮನ್ಯಾಗ ಹುಟ್ಟಿದವಲ್ಲ. ಆ ಮನಿ ಹೆಪ್ಪಿನಾಗ ಬಂದಾವು!"