ಮೂರು ಸಾಲಿನ ಯಂತ್ರವೂ ನನ್ನ ಸೊಂಟವೂ

ನನ್ನ ಸೊಂಟ ಇವತ್ತು ನನ್ನ ಮಾತು ಕೇಳುವ ಸ್ಥಿತಿಯಲ್ಲಿಲ್ಲ. ಆದ್ದರಿಂದ ಗೋಡೆಗೆ ಎರಡು ದಿಂಬು ಒರಗಿಸಿಕೊಂಡು, ಕಾಲು ಚಾಚಿ ಕೂತು ಈ ಸಂಗತಿ ಹೇಳುತ್ತಿದ್ದೇನೆ. ನಡುನಡುವೆ ನಾನು "ಅಮ್ಮಾ" ಎಂದರೆ ಅದು ಕಥೆಗೆ ಸೇರಿದ್ದಲ್ಲ, ಬಿಟ್ಟುಬಿಡಿ.

ನಾನು ಟೈಲರ್. ಇಪ್ಪತ್ತಾರು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲಿ ಮೆಷಿನ್ ತುಳಿಯುತ್ತಿದ್ದೇನೆ. ನಮ್ಮವರು ಬಸ್ ಕಂಡಕ್ಟರ್ ಆಗಿದ್ದರು. ಅವರು ಕೆಲಸಕ್ಕೆ ಹೊರಡುವಾಗ ನಾನು ಎದ್ದಿರುತ್ತಿರಲಿಲ್ಲ. ಅವರು ಬರುವಾಗ ನಾನು ಯಾರದೋ ಅಂಗಿಗೆ ತೋಳು ಕೂಡಿಸುತ್ತಿರುತ್ತಿದ್ದೆ. ಹೀಗೆ ಜಗಳವಾಡಲು ಪುರುಸೊತ್ತಿಲ್ಲದೆ ನಮ್ಮ ಸಂಸಾರ ಅನ್ಯೋನ್ಯವಾಗಿ ನಡೆದುಕೊಂಡು ಬಂದಿತ್ತು.

ಆಮೇಲೆ ಅವರು ನಿವೃತ್ತರಾದರು.

ಮೊದಲ ಎಂಟು ದಿನ ನನ್ನ ಮೆಷಿನ್ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಅಳತೆ ಕೊಡಲು ಬಂದ ಹೆಂಗಸರನ್ನೆಲ್ಲ "ಎಲ್ಲಿಂದ ಬಂದ್ರಿ, ಎಲ್ಲಿಗೆ ಹೋಗ್ಬೇಕು" ಎಂದು ವಿಚಾರಿಸಿದರು. ಅರ್ಧ ಜನ ಬಾಗಿಲಿಂದಲೇ ವಾಪಸು ಹೋದರು. ಒಂಬತ್ತನೆಯ ದಿನ, "ನಮ್ಮ ಸೋದರತ್ತೆ ಬಿಟ್ಟುಹೋದ ಮೂರು ಎಕರೆ ಇದೆಯಲ್ಲ, ಗುತ್ತಿಗೆಯಿಂದ ಬಿಡಿಸ್ಕೊಂಡು ಇನ್ಮೇಲೆ ನಾನೇ ಮಾಡ್ತೀನಿ" ಎಂದರು. ನಾನು ಬೇಡ ಎನ್ನಲಿಲ್ಲ. ಹೊಲವಲ್ಲ, ಸಮುದ್ರ ಉಳುತ್ತೇನೆ ಎಂದಿದ್ದರೂ ಅವತ್ತು ನಾನು ಬುತ್ತಿ ಕಟ್ಟಿ ಕಳಿಸುತ್ತಿದ್ದೆ.

ಟ್ರ್ಯಾಕ್ಟರ್ ಬಂತು. ಸಣ್ಣದು. ರಸ್ತೆಯಲ್ಲಿ ಹೋಗುವ ದೊಡ್ಡ ಟ್ರ್ಯಾಕ್ಟರುಗಳ ಪಕ್ಕ ನಿಲ್ಲಿಸಿದರೆ ಹಾಲು ಕುಡಿಯಲು ಬಂದ ಮರಿಯ ಹಾಗೆ ಕಾಣುತ್ತಿತ್ತು.

"ಇದು ಇನ್ನೂ ಬೆಳೆಯುತ್ತಾ?" ಎಂದೆ.

"ಮೂರು ಎಕರೆಗೆ ಇದೇ ಸರಿ. ಗಾತ್ರ ನೋಡ್ಬೇಡ, ಗುಣ ನೋಡು" ಎಂದರು. ಅಲ್ಲಿಯವರೆಗೆ ಅವರ ಬುದ್ಧಿ ನೆಟ್ಟಗಿತ್ತು ಎಂದು ಒಪ್ಪಿಕೊಳ್ಳಬೇಕು.

ಬುದ್ಧಿ ಸೊಟ್ಟಗಾದದ್ದು ನೇಗಿಲಿನ ವಿಷಯದಲ್ಲಿ. ಪಕ್ಕದ ಹೊಲದವನಿಗೆ ಆನೆಯಂಥ ಟ್ರ್ಯಾಕ್ಟರ್ ಇದೆ. ಅವನು ಹೊಸ ನೇಗಿಲು ತಂದು, ಹಳೆಯದನ್ನು ಮಾರಲು ಇಟ್ಟಿದ್ದ. ಮಣ್ಣು ಸೀಳುವ ಮೂರು ಗುಳಗಳ ನೇಗಿಲು. ಅದರ ಒಂದೊಂದು ಗುಳವೂ ನಮ್ಮ ಅಡುಗೆಮನೆಯ ಬಾಗಿಲಷ್ಟು ಅಗಲ. ನಮ್ಮವರು ಸದ್ದಿಲ್ಲದೆ ಹೋಗಿ, ನಾಲ್ಕು ಜನರ ಕೈಯಲ್ಲಿ ಎತ್ತಿಸಿ, ತಂದುಬಿಟ್ಟರು.

"ಒಂದು ಗುಳ ಉಳೋ ಹೊತ್ತಲ್ಲಿ ಇದು ಮೂರು ಉಳುತ್ತೆ" ಎಂದರು.

"ಎಳೆಯೋರು ಯಾರು?"

ಅವರು ನೇಗಿಲಿನ ಧೂಳು ಒರೆಸತೊಡಗಿದರು. ಹೊಲ ಉತ್ತರೆ ತಾನೇ ಉತ್ತರ.

ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಹೊಲದಲ್ಲಿ ನೇಗಿಲು ಸಿಕ್ಕಿಸಿ, ಅದನ್ನು ಎತ್ತುವ ಲಿವರ್ ಎಳೆದರೆ ನೇಗಿಲು ಅಲುಗಾಡಲಿಲ್ಲ. ಟ್ರ್ಯಾಕ್ಟರಿನ ಮೂತಿ ಎದ್ದಿತು. ಮುಂದಿನ ಎರಡು ಪುಟ್ಟ ಚಕ್ರಗಳು ಗಾಳಿಯಲ್ಲಿ, ನಮ್ಮವರು ಸ್ಟೇರಿಂಗ್ ಹಿಡಿದು ಆಕಾಶ ವೀಕ್ಷಣೆಯಲ್ಲಿ.

ಇಳಿದು ಬಂದು, ಬಹಳ ಯೋಚನೆ ಮಾಡಿ, ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು.

"ನೋಡೇ, ನಿನ್ನ ತೂಕ ಎಷ್ಟು ಈಗ?"

"ಯಾಕೆ?"

"ಮುಂದುಗಡೆ ಭಾರ ಸಾಲ್ತಾ ಇಲ್ಲ. ನೀನು ಬಾನೆಟ್ ಮೇಲೆ ಕೂತ್ಕೊಂಡ್ರೆ..."

ಮದುವೆಯಾದಾಗಿನಿಂದ ನನ್ನಲ್ಲಿ ಅವರು ಮೆಚ್ಚಿದ ಮೊದಲ ಗುಣ ಅದು. ನಾನು ನೇರ ಮನೆಗೆ ಬಂದೆ. ಅವರೂ ನನ್ನ ಹಿಂದೆಯೇ ಬಂದು, ನನ್ನ ಎರಡು ಹಳೆಯ ಕಬ್ಬಿಣದ ಇಸ್ತ್ರಿಪೆಟ್ಟಿಗೆಗಳನ್ನೂ ಕೆಟ್ಟು ಕೂತಿದ್ದ ಮೆಷಿನ್ನಿನ ಕಾಲುಗಳನ್ನೂ ಹೊತ್ತುಕೊಂಡು ಹೋಗಿ ಟ್ರ್ಯಾಕ್ಟರಿನ ಮೂತಿಗೆ ಕಟ್ಟಿದರು. ಈಗ ಮೂತಿ ಏಳಲಿಲ್ಲ. ಆದರೆ ಗುಳ ಮಣ್ಣಿಗೆ ಇಳಿದ ಮೇಲೆ ಟ್ರ್ಯಾಕ್ಟರ್ ಮುಂದಕ್ಕೂ ಹೋಗಲಿಲ್ಲ. ಹಿಂದಿನ ಚಕ್ರಗಳು ನಿಂತಲ್ಲೇ ತಿರುಗಿ ತಿರುಗಿ, ಮೊಣಕಾಲುದ್ದ ಗುಂಡಿ ತೋಡಿಕೊಂಡು ಅದರೊಳಗೆ ಆರಾಮಾಗಿ ಕುಳಿತವು. ನೇಗಿಲು ಹೊಲ ಉಳಬೇಕಾಗಿತ್ತು. ಅದು ನಮ್ಮ ಟ್ರ್ಯಾಕ್ಟರನ್ನು ನೆಟ್ಟಿತ್ತು. ಕೊನೆಗೆ ಪಕ್ಕದ ಹೊಲದವನೇ ತನ್ನ ಆನೆಯನ್ನು ತಂದು, ನಗು ನುಂಗಿಕೊಂಡು, ಎಳೆದು ಮೇಲೆ ಹಾಕಿದ.

ಅವತ್ತು ಊಟಕ್ಕೆ ಕೂತಾಗ ನಾನು ಹೇಳಿದೆ: "ರೀ, ಬಟ್ಟೆ ಹೊಲಿಯೋಳು ನಾನು. ಮೈ ಅಳತೆ ತಗೊಳ್ದೆ ಕತ್ತರಿ ಹಾಕಿದ್ದಿದ್ರೆ ಇಷ್ಟು ಹೊತ್ತಿಗೆ ಈ ಬೀದಿಯವರು ನನ್ನ ಓಡಿಸ್ತಿದ್ರು. ಇನ್ಮೇಲೆ ಈ ಟ್ರ್ಯಾಕ್ಟರಿಗೆ ಏನು ತರಬೇಕಾದ್ರೂ ನಾನು ತರ್ತೀನಿ. ನೀವು ಓಡಿಸಿ, ಸಾಕು."

"ಆಯ್ತು" ಎಂದರು. ಅಷ್ಟು ಬೇಗ ಒಪ್ಪಿಕೊಂಡದ್ದು ಕಂಡು ನನಗೇ ಪಾಪ ಅನ್ನಿಸಿತು. ಆದರೆ ಮಳೆ ಬಂದು ನಾಲ್ಕು ದಿನವಾಗಿತ್ತು. ಹದ ಆರುವುದರೊಳಗೆ ಉತ್ತು ಬಿತ್ತಬೇಕು. ಇಲ್ಲದಿದ್ದರೆ ಆ ವರ್ಷ ಹೊಲ ಬೀಳು. ನಮ್ಮವರು ಮತ್ತೆ ನನ್ನ ಮೆಷಿನ್ ಪಕ್ಕದ ಕುರ್ಚಿಗೆ. ಪಾಪ ಎನ್ನಲು ಸಮಯವಿರಲಿಲ್ಲ.

ಮರುದಿನ ಬೆಳಿಗ್ಗೆ ಟೇಪು ಹಿಡಿದು ಟ್ರ್ಯಾಕ್ಟರಿನ ಸುತ್ತಳತೆ, ಎತ್ತರ, ಹಿಂದಿನ ಚಕ್ರದಿಂದ ಚಕ್ರಕ್ಕೆ ಇರುವ ಅಗಲ, ಎಲ್ಲ ಬರೆದುಕೊಂಡೆ. ಭುಜ, ಎದೆ, ಸೊಂಟ ಎಂದು ಬರೆದುಕೊಂಡಿದ್ದೆ, ಅಭ್ಯಾಸ. ಚೀಟಿ ಹಿಡಿದು ಸಲಕರಣೆ ಅಂಗಡಿಗೆ ಹೋದೆ. ಅಂಗಡಿಯವನು ಚೀಟಿ ಓದಿ ಸ್ವಲ್ಪ ಹೊತ್ತು ಗೋಡೆ ನೋಡಿದ. ಆಮೇಲೆ ಟ್ರ್ಯಾಕ್ಟರಿಗೆ ಎಷ್ಟು ಕುದುರೆಯ ಬಲ, ಎಷ್ಟು ತೂಕ ಎತ್ತುತ್ತದೆ ಎಂದು ಕೇಳಿ, ಆ ದೈತ್ಯ ನೇಗಿಲನ್ನು ಹಳೆ ಸಾಮಾನಿನ ಲೆಕ್ಕದಲ್ಲಿ ತೆಗೆದುಕೊಂಡು ಒಂದು ಗುಳದ ನೇಗಿಲು ಕೊಟ್ಟ. ನಮ್ಮ ಮರಿ ಅದನ್ನು ಎತ್ತಿಕೊಂಡು ಓಡಾಡಿತು. ಎರಡು ದಿನದಲ್ಲಿ ಹೊಲ ಉತ್ತು ಮುಗಿಯಿತು. ನಾನು ಬೀದಿಯಲ್ಲಿ ಸ್ವಲ್ಪ ನಿಧಾನವಾಗಿ, ತಲೆಯೆತ್ತಿ ನಡೆಯತೊಡಗಿದೆ.

ಇನ್ನು ಬಿತ್ತುವ ಯಂತ್ರ. ಬಿತ್ತುವುದು ಮೆಕ್ಕೆಜೋಳ. ಅಂಗಡಿಯವನು ಎರಡು ಸಾಲಿನ ಯಂತ್ರ ತೋರಿಸಿದ.

"ನಿಮ್ಮ ಗಾಡಿಗೆ ಇದು ತಗೊಳ್ಳಿ ಅಕ್ಕಾ."

ಟೇಪು ಹಿಡಿದೆ. ಟ್ರ್ಯಾಕ್ಟರಿಗಿಂತ ಅಗಲ ಕಡಿಮೆ. ಅಪ್ಪನಿಗೆ ಮಗನ ಅಂಗಿ ತೊಡಿಸಿದ ಹಾಗೆ. ಪಕ್ಕದಲ್ಲಿ ಮೂರು ಸಾಲಿನದ್ದಿತ್ತು. ಅದಕ್ಕೂ ಟೇಪು ಹಿಡಿದೆ. ಏನು ಹೇಳಲಿ. ಈ ತುದಿಯ ಸಾಲಿನಿಂದ ಆ ತುದಿಯ ಸಾಲಿಗೆ ಇದ್ದ ಅಳತೆ, ನಮ್ಮ ಟ್ರ್ಯಾಕ್ಟರಿನ ಈ ಚಕ್ರದಿಂದ ಆ ಚಕ್ರಕ್ಕೆ ಇದ್ದ ಅಳತೆ, ಎರಡೂ ಒಂದೇ. ಒಂದು ನೂಲು ಆಚೆಯಿಲ್ಲ, ಒಂದು ನೂಲು ಈಚೆಯಿಲ್ಲ. ಇಪ್ಪತ್ತಾರು ವರ್ಷದ ಕಸುಬಿನಲ್ಲಿ ಇಷ್ಟು ಚೆನ್ನಾಗಿ ಕೂತ ಅಳತೆ ನಾನು ಕಂಡಿರಲಿಲ್ಲ.

"ಎರಡು ಸಾಲು ಸಾಲದಪ್ಪ. ಮೂರು ಸಾಲಿನದ್ದೇ ಕೊಡು" ಎಂದೆ.

"ಕೊಡ್ಬಹುದು ಅಕ್ಕಾ, ಆದ್ರೆ ಮುಂದೆ ಕಳೆ ತೆಗೆಯೋಕೆ ಎಡೆ ಹೊಡೆಯೋವಾಗ..."

"ಅಳತೆ ವಿಷಯ ನನಗೆ ಹೇಳ್ಬೇಡಪ್ಪ" ಎಂದೆ. ಅವನು ವ್ಯಾಪಾರಿ. ಬಾಯಿ ಮುಚ್ಚಿಕೊಂಡು ಯಂತ್ರ ಹೊರಗೆ ತೆಗೆಸಿದ.

ಬಿತ್ತನೆ ಒಂದೇ ದಿನದಲ್ಲಿ ಆಯಿತು. ವಾರದ ಮೇಲೆ ಮೊಳಕೆ ಬಂತು ನೋಡಿ, ನೇರ ಸಾಲು, ಹಸಿರು ದಾರದಲ್ಲಿ ನೆಲಕ್ಕೆ ಹೊಲಿಗೆ ಹಾಕಿದ ಹಾಗೆ. ಗಿರಾಕಿಗಳನ್ನು ಕರೆದುಕೊಂಡು ಹೋಗಿ ತೋರಿಸಿದೆ. ಪಕ್ಕದ ಹೊಲದವನು "ಚೆನ್ನಾಗಿದೆ" ಎಂದ. ನಮ್ಮವರು, "ಎಲ್ಲ ಇವಳದೇ" ಎಂದರು. ಹದಿನೈದು ದಿನದ ಮೇಲೆ ಅದೇ ಮಾತು ನನ್ನನ್ನೇ ಕಚ್ಚುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಮೆಕ್ಕೆಜೋಳದ ಜೊತೆ ಕಳೆಯೂ ಬಂತು. ಸಾಲುಗಳ ನಡುವೆ ಓಡಿಸಿ ಕಳೆ ಕೆರೆಯುವುದಕ್ಕೆ ಟ್ರ್ಯಾಕ್ಟರಿಗೆ ಎಡೆಕುಂಟೆ ಕಟ್ಟುತ್ತಾರೆ. ಅದನ್ನು ಕಟ್ಟಿಕೊಂಡು ಹೊಲಕ್ಕೆ ಹೋದ ನಮ್ಮವರು ಸ್ವಲ್ಪ ಹೊತ್ತಿನಲ್ಲೇ ಫೋನ್ ಮಾಡಿದರು.

"ಒಂದು ಸಲ ಬಂದು ಹೋಗ್ತೀಯಾ?"

ಶಾಲೆಯ ಸಮವಸ್ತ್ರದ ರಾಶಿ ಬಿಟ್ಟು ಹೋದೆ. ಅವರು ಟ್ರ್ಯಾಕ್ಟರನ್ನು ಹೊಲದ ಅಂಚಿನಲ್ಲಿ ನಿಲ್ಲಿಸಿ, ಕೆಳಗಿಳಿದು, ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು.

"ಚಕ್ರ ಎಲ್ಲಿ ಓಡಿಸ್ಲಿ?" ಎಂದರು.

ನೋಡಿದೆ. ಎಡಚಕ್ರದ ಎದುರಿಗೆ ಸರಿಯಾಗಿ ಎಡಗಡೆಯ ಸಾಲು. ಬಲಚಕ್ರದ ಎದುರಿಗೆ ಸರಿಯಾಗಿ ಬಲಗಡೆಯ ಸಾಲು. ಒಂದು ನೂಲು ಆಚೆಯಿಲ್ಲ, ಈಚೆಯಿಲ್ಲ. ಚಕ್ರ ಹೋಗಬೇಕಾದದ್ದು ಎರಡು ಸಾಲಿನ ನಡುವೆ. ನಾನು ಅಳೆದು ತಂದ ಯಂತ್ರ ಸಾಲನ್ನೇ ಚಕ್ರದಡಿಗೆ ಹಾಸಿಕೊಟ್ಟಿತ್ತು. ಟ್ರ್ಯಾಕ್ಟರ್ ಒಳಗೆ ಹೋದರೆ ಮೂರು ಸಾಲಿನಲ್ಲಿ ಎರಡು ಸಾಲು ಚಟ್ನಿ.

"ಬಿತ್ತುವಾಗ ಸರಿಯಾಗೇ ಹೋಯ್ತಲ್ಲ?" ಎಂದೆ, ಸಣ್ಣ ದನಿಯಲ್ಲಿ.

"ಆಗ ಗಿಡ ಇರ್ಲಿಲ್ಲ."

ಎಡೆ ಹೊಡೆಯಲು ಎಡೆಯೇ ಇಲ್ಲ. ಅವರು ಬೈಯಲಿಲ್ಲ. ಇಸ್ತ್ರಿಪೆಟ್ಟಿಗೆ ಕಟ್ಟಿದ ದಿನ ನಾನು ಆಡಿದ ಮಾತುಗಳಲ್ಲಿ ಒಂದನ್ನಾದರೂ ತಿರುಗಿಸಿ ಆಡಬಹುದಿತ್ತು, ಆಡಲಿಲ್ಲ. ಹೋಗಿ ಕೈಯಲ್ಲಿ ಕಳೆ ಕೀಳುವ ಎರಡು ಕುರ್ಪಿ ತಂದರು. ಒಂದನ್ನು ನನ್ನ ಕೈಗೆ ಕೊಟ್ಟರು. ಬೈದಿದ್ದರೆ ವಾಸಿಯಿತ್ತು, ನಾನೂ ನಾಲ್ಕು ಅಂದು ಮನೆಗೆ ಬರಬಹುದಿತ್ತು.

ಮೂರು ಎಕರೆ ಕಳೆಯನ್ನು ಕೂತು ಕೀಳುವುದೆಂದರೇನು ಎಂದು ಗೊತ್ತಿಲ್ಲದವರು ಪುಣ್ಯವಂತರು. ಬೆಳಿಗ್ಗೆ ಹೊಲ, ಮಧ್ಯಾಹ್ನದ ಮೇಲೆ ಮೆಷಿನ್. ಮೊದಲ ದಿನ ಮಂಡಿ ಹೋಯಿತು, ಎರಡನೆಯ ದಿನ ಸೊಂಟ ಹೋಯಿತು, ಮೂರನೆಯ ದಿನ ನಾಚಿಕೆ ಹೋಯಿತು. ಆಮೇಲೆ ಮಾತು ಶುರುವಾಯಿತು. ಒಬ್ಬರು ಈ ಸಾಲು, ಒಬ್ಬರು ಪಕ್ಕದ ಸಾಲು. ಬೇರೆ ಮಾಡುವುದಾದರೂ ಏನಿತ್ತು. ದಿನಾ ಎರಡು ಟಿಕೆಟ್ ತೆಗೆದುಕೊಂಡು ಪಕ್ಕದ ಸೀಟು ಖಾಲಿ ಇಟ್ಟುಕೊಂಡು ಕೂರುತ್ತಿದ್ದ ಒಬ್ಬ ಮುದುಕರ ವಿಷಯ ಅವರು ಹೇಳಿದರು. "ಕೇಳ್ಲಿಲ್ವಾ ಯಾಕೆ ಅಂತ?" ಎಂದೆ. "ಕೇಳೋಕೆ ಧೈರ್ಯ ಬರ್ಲಿಲ್ಲ. ಯಾರಾದ್ರೂ ಕೂರೋಕೆ ಹೋದ್ರೆ ನಾನೇ ಬೇರೆ ಸೀಟು ತೋರಿಸ್ತಿದ್ದೆ" ಎಂದರು. ಇಂಥದ್ದೊಂದು ಈ ಮನುಷ್ಯನ ಒಳಗೆ ಇದ್ದದ್ದು ನನಗೆ ಗೊತ್ತೇ ಇರಲಿಲ್ಲ. ನಾನೂ ಹೇಳಿದೆ. ಅಮ್ಮ ತೀರಿಕೊಂಡ ವಾರ ಹೊಲಿದ ಅಂಗಿಗಳೆಲ್ಲ ಒಂದಿಂಚು ಬಿಗಿಯಾಗಿದ್ದವು, ಆದರೂ ಯಾವ ಗಿರಾಕಿಯೂ ವಾಪಸು ತರಲಿಲ್ಲ ಎಂದು. ಅವರು ಕುರ್ಪಿ ನಿಲ್ಲಿಸಿ ಕೇಳಿಸಿಕೊಂಡರು.

ಹನ್ನೊಂದನೆಯ ದಿನ, ಇನ್ನೊಂದು ಎಕರೆ ಉಳಿದಿರುವಾಗ, ಟ್ರ್ಯಾಕ್ಟರಿಗೆ ಎಣ್ಣೆ ಬದಲಿಸಲು ಮೆಕ್ಯಾನಿಕ್ ಬಂದ. ನಮ್ಮಿಬ್ಬರನ್ನೂ, ಹೊಲವನ್ನೂ, ಟ್ರ್ಯಾಕ್ಟರನ್ನೂ ಒಂದಾದ ಮೇಲೊಂದು ನೋಡಿದ.

"ಯಾಕಕ್ಕಾ ಕೈಯಲ್ಲಿ ಕೀಳ್ತಾ ಇದೀರಿ? ಚಕ್ರ ತಿರುಗಿಸಿ ಹಾಕೋದಲ್ವಾ?"

"ಏನು ತಿರುಗಿಸೋದು?"

"ಹಿಂದಿನ ಚಕ್ರ ಬಿಚ್ಚಿ, ಒಳಗಿನ ಮುಖ ಹೊರಗೆ ಮಾಡಿ ಹಾಕಿದ್ರೆ ಒಂದೊಂದು ಕಡೆ ಐದಾರು ಇಂಚು ಒಳಗೆ ಬರುತ್ತೆ. ಸಾಲಿನ ನಡುವೆ ಆರಾಮಾಗಿ ಓಡುತ್ತೆ. ಅರ್ಧ ಗಂಟೆ ಕೆಲಸ. ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲೇ ಇದೆಯಲ್ಲ."

ನಾನು ನಮ್ಮವರ ಕಡೆ ತಿರುಗಿದೆ. ಅವರು ಬಹಳ ಶ್ರದ್ಧೆಯಿಂದ ಕುರ್ಪಿಗೆ ಅಂಟಿದ ಮಣ್ಣು ಕೆರೆಯುತ್ತಿದ್ದರು.

"ನಿಮಗೆ ಗೊತ್ತಿತ್ತಾ?"

"ನಾಲ್ಕನೇ ದಿನ ಓದಿದೆ."

"ಮತ್ತೆ ಹೇಳ್ಬಾರದಿತ್ತಾ? ನನ್ನ ಸೊಂಟ ಯಾವ ಪಾಪ ಮಾಡಿತ್ತು?"

ಅವರು ಮೆಕ್ಯಾನಿಕ್ ಆಚೆ ಹೋಗಲಿ ಎಂದು ಕಾದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: "ಹೇಳ್ಬೇಕು ಅಂತಾನೇ ಬಂದೆ ಕಣೇ. ನೀನು ಅವತ್ತು ನಿಮ್ಮಮ್ಮನ ವಿಷಯ ಶುರು ಮಾಡ್ಕೊಂಡಿದ್ದೆ. ನಾವಿಬ್ರೂ ಇಷ್ಟು ಹೊತ್ತು ಒಟ್ಟಿಗೆ ಕೂತು ಮಾತಾಡಿದ್ದು ಯಾವತ್ತಾದ್ರೂ ಇದೆಯಾ? ಚಕ್ರ ತಿರುಗಿಸಿದ್ರೆ ನೀನು ಮೆಷಿನ್ನಿಗೆ ಹೋಗ್ತೀಯ, ನಾನು ಟ್ರ್ಯಾಕ್ಟರ್ ಮೇಲೆ ಹೋಗ್ತೀನಿ."

ಬೈಯಬೇಕೆಂದು ಬಾಯಿ ತೆರೆದಿದ್ದೆ. ಬೈಯುವ ಬದಲು ನನ್ನ ಕುರ್ಪಿ ಕೈಗೆತ್ತಿಕೊಂಡೆ.

"ತಿರುಗಿಸಿ ಕೊಡ್ಲಾ ಅಕ್ಕಾ, ಸಾಮಾನು ಇದೆ ನನ್ನ ಹತ್ರ" ಎಂದು ಮೆಕ್ಯಾನಿಕ್ ಆಚೆಯಿಂದ ಕೂಗಿದ.

ಸೊಂಟ ಹೇಳಿತು, ತಿರುಗಿಸು ಎಂದು. ಮಂಡಿಗಳು ಎರಡೂ ಕೈ ಮುಗಿದವು. ಆದರೆ ಬಾಯಿ ಯಾರ ಮಾತು ಕೇಳುತ್ತದೆ. "ಇರ್ಲಿಬಿಡಪ್ಪ, ಇನ್ನೊಂದೆಕರೆ ಇದೆ ಅಷ್ಟೇ. ನಾವೇ ಮುಗಿಸ್ಕೋತೀವಿ" ಎಂದುಬಿಟ್ಟೆ. ಅವನು ನಮ್ಮನ್ನು ಒಂಥರಾ ನೋಡಿ ಗಾಡಿ ಹತ್ತಿದ.

ಮರುದಿನ, ಎಂದರೆ ಇವತ್ತು, ನಾನು ಬೇಗ ಎದ್ದೆ. ಬುತ್ತಿಗೆ ಒಂದು ಬಗೆ ಹೆಚ್ಚೇ ಮಾಡಿ ಕಟ್ಟಿಕೊಂಡೆ. ಇವತ್ತು ಏನೇನು ಹೇಳಬೇಕು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡೆ. ಹೊಲ ಬಂತು. ನಮ್ಮವರು ಬದುವಿನ ಮೇಲಿನ ಮರದ ನೆರಳಲ್ಲಿ ಟವಲು ಹಾಸಿದರು.

"ನನಗ್ಯಾಕೋ ಮಂಡಿ ಹಿಡ್ಕೊಂಡಿದೆ. ನೀನು ಶುರು ಮಾಡ್ತಿರು, ಬರ್ತೀನಿ" ಎಂದರು.

ನಾನು ಎರಡು ಸಾಲು ಮುಗಿಸಿ ತಿರುಗಿ ನೋಡಿದೆ. ಗೊರಕೆ ಬದು ದಾಟಿ ಬರುತ್ತಿತ್ತು. ಆಗ ನನಗೆ ಹೊಳೆಯಿತು. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ "ಒಳಗೆ ಹೋಗಿ ಅಮ್ಮಾ, ಹಿಂದೆ ಖಾಲಿ ಇದೆ" ಎಂದು ಮೂವತ್ತು ವರ್ಷ ಜನರನ್ನು ನಂಬಿಸಿದ ಬಾಯಿ ಅದು. ನಿನ್ನೆ ನಾನೂ ನಂಬಿ ಒಳಗೆ ಹೋಗಿದ್ದೆ.

ಅಲ್ಲಿಂದಲೇ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಅವನು ದೂರದ ಊರಿಗೆ ಹೊರಟುಬಿಟ್ಟಿದ್ದಾನಂತೆ. "ಹತ್ತು ದಿನ ಬಿಟ್ಟು ಬರ್ತೀನಿ ಅಕ್ಕಾ. ಅಷ್ಟರಲ್ಲಿ ನೀವೇ ಮುಗಿಸ್ಕೋತೀರಲ್ಲ" ಎಂದ.